ಹಿಗ್ಗುವ ಮೇಜು

ಕಬ್ಬಿಣದ ಹಿಡಿಕೆಯನ್ನು ತುದಿಯ ತೂತಿಗೆ ಸೇರಿಸಿ ತಿರುವಿದರೆ ನಮ್ಮ ಧಾರವಾಡದ ಮನೆಯ ಮಹಾಗನಿ ಮೇಜು ನಡುವೆ ಮೆಲ್ಲಗೆ ಬಾಯಿ ತೆರೆಯುತ್ತದೆ. ಹಿತ್ತಾಳೆಯ ಗಾಲಿಗಳು ಉರುಳುತ್ತವೆ. ತೆರೆದ ಜಾಗದಲ್ಲಿ ಹೆಚ್ಚಿನ ಹಲಗೆ ಇಟ್ಟು ಹಿಡಿಕೆಯನ್ನು ಹಿಂದಕ್ಕೆ ತಿರುವಬೇಕು. ಗೂಟಗಳು ಗುಳಿಗಳಿಗೆ ಸೇರಿ ಸಂದು ಮುಚ್ಚುವುದನ್ನು ನೋಡುವುದೇ ನನಗೊಂದು ಸುಖ.

ಜಾರುಪಟ್ಟಿಗಳ ಮೇಲೆ ಉದ್ದವಾಗುವ ಮೇಜಿಗೆ ಇಂಗ್ಲೆಂಡಿನ ರಿಚರ್ಡ್ ಗಿಲ್ಲೊ 1800ರಲ್ಲಿ ಪೇಟೆಂಟ್ ಪಡೆದಿದ್ದ. ತಿರುಪಿನ ಏರ್ಪಾಡು ವಿಕ್ಟೋರಿಯಾ ರಾಣಿಯ ಕಾಲದ್ದು. ನಮ್ಮ ಮೇಜಿನ ಕಾಲುಗಳು ಮಾತ್ರ ಇನ್ನೂ ಹಿಂದಿನ ಚಿಪ್ಪೆಂಡೇಲ್ ಮಾದರಿಯವು: ಮೊಣಕಾಲಿನಲ್ಲಿ ಬಾಗಿ, ಬುಡದಲ್ಲಿ ಹದ್ದಿನ ಉಗುರಾಗಿ ಚೆಂಡನ್ನು ಹಿಡಿದಿವೆ. ಹಳೆಯದರ ನಕಲು ಎಂದು ಮೂಗು ಮುರಿಯುವವರಿದ್ದಾರೆ. ಗೆಣ್ಣುಗೆಣ್ಣನ್ನೂ ಬಿಡಿಸಿದ ಆ ಉಳಿಯ ಕೆಲಸವನ್ನು ಬೆರಳಿಂದ ಸವರಿದ ಮೇಲೆ ಹಾಗೆನ್ನಲು ನನಗೆ ಮನಸ್ಸು ಬಾರದು.

ನಮ್ಮದು ಸಾಗವಾನಿಯ ಸೀಮೆ. ದಾಂಡೇಲಿ, ಹಳಿಯಾಳದ ಕಾಡು ಪಕ್ಕದಲ್ಲೇ ಇದೆ. ಮನೆಯ ಕಂಬ, ತೊಲೆ, ಬಾಗಿಲು ಸಾಗವಾನಿಯವಾದರೂ ಊಟ ಮಾತ್ರ ನೆಲದ ಮೇಲೆ, ಮಣೆ ಹಾಕಿಕೊಂಡು. ಹೀಗಿರುವಲ್ಲಿಗೆ ಅಮೆರಿಕದ ಬಿಸಿನಾಡಿನ ಮಹಾಗನಿ ಬಂದು, ನಮ್ಮ ಮಳೆಗಾಳಿಗೆ ಒಗ್ಗಿಕೊಂಡಿದೆ. ಮರವು ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಹಿಗ್ಗುವುದು, ಕುಗ್ಗುವುದು ಎಳೆಗೆ ಅಡ್ಡಲಾಗಿ. ಆಷಾಢದ ಜಿಟಿಜಿಟಿಯಲ್ಲಿ ಹಲಗೆಗಳು ಉಬ್ಬಿ ಬಿಗಿಯಾಗುತ್ತವೆ. ಮಾಘದ ಒಣಗಾಳಿಗೆ ಸಂದಿನಲ್ಲಿ ಕೂದಲೆಳೆಯಷ್ಟು ಬೆಳಕು ಕಾಣುತ್ತದೆ. ಅದನ್ನು ಮೇಣ ತುಂಬಿ ಮುಚ್ಚಲು ನಾನು ಯಾರಿಗೂ ಬಿಡುವುದಿಲ್ಲ. ಮರ ಉಸಿರಾಡಲು ಅಷ್ಟು ಜಾಗ ಬೇಕು.

ಮೆರುಗು ಕೊಡುವುದೂ ಚಳಿಗಾಲದಲ್ಲೇ. ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯ ಉಂಡೆಗೆ ಹಳೇ ಧೋತರದ ಬಟ್ಟೆ ಸುತ್ತಿ, ಎಂಟರ ಅಂಕಿಯಂತೆ ತಿರುವುತ್ತ ಉಜ್ಜಬೇಕು. ಮಳೆಗಾಲದಲ್ಲಿ ಹಚ್ಚಿದರೆ ಗಾಳಿಯ ತೇವಕ್ಕೆ ಅರಗು ಬೆಳ್ಳಗೆ ಮಂಕಾಗುತ್ತದೆ. ಈ ಕೆಲಸ ಕಲಿಸಿದ ಹುಬ್ಬಳ್ಳಿಯ ಹಿರಿಯರು ಹೇಳುತ್ತಿದ್ದುದು ಒಂದೇ ಮಾತು: "ಕೈ ನಿಲ್ಲಸಬ್ಯಾಡ್ರಿ, ನಿಂತಲ್ಲೇ ಅಂಟತೈತಿ." ಪದರದ ಮೇಲೆ ಪದರ, ನಡುವೆ ಒಣಗಲು ಬಿಡುವು. ನಾಲ್ಕನೆಯದೋ ಐದನೆಯದೋ ಪದರದ ಹೊತ್ತಿಗೆ ಒಳಗಿನ ಕೆಂಪು ಮೇಲಕ್ಕೆ ಬರುತ್ತದೆ. ಕಿಟಕಿಯ ಈ ಬದಿಯಿಂದ ನೋಡಿದರೆ ಕಪ್ಪಗಿದ್ದ ಪಟ್ಟೆ ಆ ಬದಿಯಿಂದ ಹೊಂಬಣ್ಣಕ್ಕೆ ತಿರುಗುತ್ತದೆ. ಹೊಸ ಪಾಲಿಶ್‌ಗಳು ಗಟ್ಟಿಯಿರಬಹುದು, ಈ ಆಳ ಅವಕ್ಕಿಲ್ಲ.

ಅರಗಿಗೆ ಬಿಸಿ ಆಗದು. ಹಬ್ಬಕ್ಕೆ ಎಲ್ಲ ಹಲಗೆ ಕೂಡಿಸಿದ ದಿನ ಮೊದಲು ನವಲಗುಂದದ ದಪ್ಪ ಜಮಖಾನ ಹಾಸುತ್ತೇನೆ. ರೊಟ್ಟಿಯ ಬುಟ್ಟಿ, ಎಣ್ಣೆಗಾಯಿಯ ಬೋಗುಣಿ, ತುಪ್ಪದ ಗಿಂಡಿ ಎಲ್ಲವೂ ಅದರ ಮೇಲೆಯೇ.