ಮಾವನ ಮದುವೆ, ನನ್ನ ಎಕ್ಸೆಲ್ ಶೀಟ್

ನಮ್ಮ ಸೋದರಮಾವನಿಗೆ ಈ ಬೇಸಿಗೆಯಲ್ಲಿ ಮದುವೆ ಆಯ್ತು. ವಯಸ್ಸು 52. ಅತ್ತೆಗೆ 47, ತುಮಕೂರಿನಲ್ಲಿ ಟೀಚರ್. ಅಜ್ಜಿ ಹಾಸಿಗೆ ಹಿಡಿದಿದ್ದ ವರ್ಷಗಳಲ್ಲೇ ಮಾವನ ಮದುವೆ ವಯಸ್ಸು ಕಳೆದುಹೋಗಿತ್ತು.

ಮನೆಯವರೆಲ್ಲ ಛತ್ರ, ಸೀರೆ, ಅಡುಗೆಯವರು ಅಂತ ಓಡಾಡ್ತಿದ್ದಾಗ ನನಗೆ ಸಿಕ್ಕ ಕೆಲಸ ಹೆಲ್ತ್ ಇನ್ಶೂರೆನ್ಸ್ ಹುಡುಕೋದು. "ನೀನು ಕಂಪ್ಯೂಟರ್ ಸೈನ್ಸ್ ಅಲ್ವೇನೋ, ಒಂದು ಒಳ್ಳೇದು ನೋಡಿ ಹೇಳು" ಅಂದ್ರು ಮಾವ. ನಮ್ಮ ನೆಂಟರು ಪ್ರಿಂಟರ್ ಕೆಟ್ಟರೂ ನನ್ನನ್ನೇ ಕರೀತಾರೆ, ಏನು ಮಾಡೋದು.

ಎಕ್ಸೆಲ್ ಶೀಟ್ ಮಾಡಿದೆ. ಇಬ್ಬರಿಗೂ ಸೇರಿ 10 ಲಕ್ಷದ ಒಂದು ಫ್ಯಾಮಿಲಿ ಫ್ಲೋಟರ್ ತಗೊಂಡ್ರೆ ಮುಗೀತು ಅಂದ್ಕೊಂಡು ಅತ್ತೆಗೆ ಫೋನ್ ಮಾಡಿದೆ. "ನನ್ನ ಹತ್ರ 2016ರಿಂದ 5 ಲಕ್ಷದ್ದು ಒಂದಿದೆಯಲ್ಲಪ್ಪ, ಅದನ್ನ ಏನ್ ಮಾಡ್ಲಿ?" ಅಂದ್ರು. ನಿಲ್ಲಿಸಿಬಿಡಿ ಅನ್ನೋಕೆ ಬಾಯಿ ತೆರೆದಿದ್ದೆ. ಪುಣ್ಯಕ್ಕೆ, ನಾಳೆ ಹೇಳ್ತೀನಿ ಅಂದೆ.

ಆ ರಾತ್ರಿ ಪಾಲಿಸಿಯ ಸಣ್ಣಕ್ಷರ ಓದಿದಾಗ ಗೊತ್ತಾಯ್ತು. ಹೊಸ ಪಾಲಿಸಿ ಅಂದ್ರೆ ಮೊದಲೇ ಇರೋ ಕಾಯಿಲೆಗೆ ಮೂರು ವರ್ಷದವರೆಗೂ ದುಡ್ಡು ಕೊಡದೇ ಇರಬಹುದು. ಅತ್ತೆಯ ಹಳೇ ಪಾಲಿಸಿಯಲ್ಲಿ ಆ ಕಾಯೋ ಕಾಲ ಯಾವತ್ತೋ ಮುಗಿದಿದೆ. ಫ್ಲೋಟರ್‌ನಲ್ಲಿ ಸಾಮಾನ್ಯವಾಗಿ ಇಬ್ಬರಲ್ಲಿ ದೊಡ್ಡವರ ವಯಸ್ಸು ನೋಡಿ ಪ್ರೀಮಿಯಂ ಹಾಕ್ತಾರೆ. ಒಬ್ಬರು ಆಸ್ಪತ್ರೆ ಸೇರಿ ಖರ್ಚು ಮಾಡಿದ್ರೆ ಆ ವರ್ಷ ಇನ್ನೊಬ್ಬರ ಪಾಲೂ ಕರಗತ್ತೆ. ಇಪ್ಪತ್ತೈದರಲ್ಲಿ ಮದುವೆ ಆಗೋರಿಗೆ ಸರಿ, ಇವರಿಗಲ್ಲ.

ಮಾವ ಬೇರೆ, "ನಂಗೆ ಕಂಪನಿಯದ್ದು ಇದೆ ಕಣೋ" ಅಂತಿದ್ರು. ಅದು ಕೆಲಸ ಇರೋವರೆಗೆ. ರಿಟೈರ್ ಆದ್ಮೇಲೆ, ಆ ವಯಸ್ಸಲ್ಲಿ ಹೊಸದಾಗಿ ಕೊಳ್ಳೋಕೆ ಹೋದ್ರೆ ಕಾಯೋ ಕಾಲ ಆವಾಗಿಂದ ಶುರು. ಈಗಲೇ ತಗೊಳ್ಳಿ ಅಂತ ಒಪ್ಪಿಸಿ ಭಾನುವಾರ ಅರ್ಜಿ ತುಂಬೋಕೆ ಕೂತೆ. ಯಾವುದಾದ್ರೂ ಕಾಯಿಲೆಗೆ ಮಾತ್ರೆ ತಗೊಳ್ತಿದ್ದೀರಾ ಅನ್ನೋ ಪ್ರಶ್ನೆ ಬಂತು. ಮಾವ ಸುಮ್ಮನಾದ್ರು. ಆಮೇಲೆ ಬೀರುವಿನಿಂದ ಒಂದು ಸ್ಟ್ರಿಪ್ ತಂದು ಮುಂದೆ ಇಟ್ರು. ಶುಗರ್. 2019ರಿಂದ. ನಮ್ಮಮ್ಮಂಗೂ ಗೊತ್ತಿಲ್ಲ.

"ಅತ್ತೆಗೆ ಹೇಳಿದ್ದೀರಾ?"

"ಈ ವಯಸ್ಸಲ್ಲಿ ಒಂದು ಸಂಬಂಧ ಕೂಡಿ ಬಂದಿದೆ ಕಣೋ..." ಅಂತ ನಿಲ್ಲಿಸಿದ್ರು. ಇಲ್ಲ ಅಂತ ಹಾಕಿ ಸಾರ್, ಏನೂ ಆಗಲ್ಲ ಅಂತ ಏಜೆಂಟ್ ಬೇರೆ ಹೇಳಿದ್ನಂತೆ. ಆಗತ್ತೆ. ಮುಚ್ಚಿಟ್ಟಿದ್ದು ಸಿಕ್ಕಿಬಿದ್ರೆ ಕ್ಲೇಮ್ ತಿರಸ್ಕರಿಸಬಹುದು, ಪಾಲಿಸಿಯನ್ನೇ ರದ್ದು ಮಾಡಬಹುದು. ಅದನ್ನ ಹೇಳೋದು ಸುಲಭ ಇತ್ತು. ಇನ್ನೊಂದನ್ನ ಹತ್ತೊಂಬತ್ತರ ನಾನು ಹೇಗೆ ಹೇಳ್ಲಿ? "ನಾಮಿನಿ ಅಂತ ಅತ್ತೆ ಹೆಸರು ಹಾಕ್ತಿದ್ದೀನಿ ಮಾವ. ಮುಂದೆ ಆಸ್ಪತ್ರೆಯಲ್ಲಿ ಈ ಪೇಪರ್ ಹಿಡ್ಕೊಂಡು ನಿಲ್ಲೋರು ಅವರೇ" ಅಂದೆ ಅಷ್ಟೆ.

ಮಾವ ಫೋನ್ ತಗೊಂಡು ತಾರಸಿಗೆ ಹೋದ್ರು. ನಲವತ್ತು ನಿಮಿಷ. ನಾನು ಅಷ್ಟರಲ್ಲಿ ಎರಡು ಸಲ ಸೆಷನ್ ಎಕ್ಸ್‌ಪೈರ್ ಆಗಿ ಮತ್ತೆ ಲಾಗಿನ್ ಆದೆ.

"ಏನಂದ್ರು ಮಾವ?"

"ಮಾತ್ರೆ ಊಟಕ್ಕೆ ಮುಂಚೆಯಾ, ಆಮೇಲೆಯಾ ಅಂತ ಕೇಳಿದ್ಲು."

'ಹೌದು' ಅಂತ ಟಿಕ್ ಮಾಡಿದೆ. ಪ್ರೀಮಿಯಂ ಜಾಸ್ತಿನೇ ಆಯ್ತು. ಅತ್ತೆ ಹಳೇ ಪಾಲಿಸಿ ಬಿಡಲಿಲ್ಲ, ಮಾವನಿಗೆ ಬೇರೆ ಪಾಲಿಸಿ. ಕಂಪನಿಯದ್ದಕ್ಕೆ ಮದುವೆ ಆದ್ಮೇಲೆ ಅತ್ತೆ ಹೆಸರೂ ಸೇರಿಸಿದ್ರು. ಮದುವೆ ಊಟದಲ್ಲಿ ಹೋಳಿಗೆ ಬಡಿಸೋಕೆ ಬಂದಾಗ ಮಾವ ಬಾಯಿ ತೆರೆಯೋದ್ರೊಳಗೆ ಅತ್ತೆನೇ "ಅವರಿಗೆ ಅರ್ಧ ಸಾಕು" ಅಂದ್ರು.