ಸೇದೋ ಬಾವಿಯ ರಾಟೆ

2022ರ ದಸರಾ ರಜೆಗೆ ಹೊಳಲ್ಕೆರೆಯಿಂದ ಹೊಸದುರ್ಗದ ತವರಿಗೆ ಹೋದಾಗ ಹಿತ್ತಲಲ್ಲಿ ಒಂದು ಟ್ರ್ಯಾಕ್ಟರ್ ಮಣ್ಣು ನಿಂತಿತ್ತು. ಎಷ್ಟೋ ವರ್ಷದಿಂದ ಒಣಗಿದ್ದ ಸೇದೋ ಬಾವಿಯನ್ನು ಮುಚ್ಚಿಸುತ್ತೇನೆಂದು ತಮ್ಮ ಬೇಸಿಗೆಯಲ್ಲೇ ಹೇಳಿದ್ದ. ಮಕ್ಕಳು ಬಗ್ಗಿ ನೋಡುತ್ತವೆ, ಕಸ ಬೀಳುತ್ತದೆ, ಮುಚ್ಚಿದರೆ ಕಾರು ನಿಲ್ಲಿಸಲು ಜಾಗವಾಗುತ್ತದೆ ಎಂಬುದು ಅವನ ಲೆಕ್ಕ. ಆದರೆ ಆ ವರ್ಷದ ಮಳೆ ಅವನನ್ನು ಕೇಳಿ ಬರಲಿಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ, 130 ಅಡಿ ತುಂಬಿ 1933ರ ನಂತರ ಮೊದಲ ಸಲ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಿತ್ತು. ನಮ್ಮ ಬಾವಿಯಲ್ಲೂ ನೀರು ಬಂದಿತ್ತು.

ಅವ್ವನಿಗೆ ಎಂಬತ್ತು ದಾಟಿದೆ. ಕಸ ತೆಗೆಸಿ, ಬ್ಲೀಚಿಂಗ್ ಪುಡಿ ಹಾಕಿಸಿ, ಅಟ್ಟದಿಂದ ರಾಟೆ ಇಳಿಸಿ ಕಟ್ಟಿಸಿಬಿಟ್ಟಿದ್ದಳು. ಬೋರಿನ ನೀರಲ್ಲಿ ಬೇಳೆ ಬೇಯುವುದಿಲ್ಲ, ಪಾತ್ರೆಗೆಲ್ಲ ಬಿಳಿ ಪೊರೆ ಕಟ್ಟುತ್ತದೆ ಎಂಬುದು ಅವಳ ಹಳೆಯ ತಕರಾರು. ತಮ್ಮನ ಉತ್ತರ ಒಂದೇ: ‘ಸೇದೋರು ಯಾರವ್ವಾ?’

‘ನಾನು’ ಎಂದು ಹೇಳಿ ಸೆರಗು ಸಿಕ್ಕಿಸಿದವಳು ನಾನೇ. ಮೊದಲ ಕೊಡ ಅರ್ಧಕ್ಕೆ ಬಂದು ನಿಂತಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಇನ್ನೊಮ್ಮೆ ಜಗ್ಗಿದೆ. ಹಗ್ಗ ಸರಕ್ಕನೆ ಸಡಿಲಿ, ನಾನು ಹಿಂದಕ್ಕೆ ಕುಕ್ಕರಿಸಿದೆ. ಕೊಡ ಕುಣಿಕೆ ಕಳಚಿ ದುಡುಮ್ಮೆಂದಿತು. ಹಿಂದಕ್ಕೆ ಬಿದ್ದೆನೆಂದು ಇಂದು ನಗುತ್ತೇನೆ. ಮುಂದಕ್ಕೆ ಬಿದ್ದಿದ್ದರೆ ಈ ಪ್ರಬಂಧ ಬರೆಯುವವರು ಇರುತ್ತಿರಲಿಲ್ಲ.

‘ನೋಡಿದ್ಯೇನಕ್ಕಾ, ಮುಚ್ಚಿಬಿಡಣ’ ಅಂದ ತಮ್ಮ. ಅವ್ವ ಮಾತಾಡದೆ ಒಳಗೆ ಹೋದಳು. ಅವಳು ಮಾತಾಡದಿದ್ದಾಗ ನನಗೆ ಭಯ.

ವಿಜ್ಞಾನದ ಮೇಷ್ಟ್ರು ರಜೆ ಹಾಕಿದಾಗ ನಾನೂ ಸರಳ ಯಂತ್ರಗಳ ಪಾಠ ಮಾಡಿದವಳೇ. ಒಂದೇ ಕಡೆ ಕಟ್ಟಿದ ರಾಟೆ ಭಾರವನ್ನು ಕಡಿಮೆ ಮಾಡುವುದಿಲ್ಲ, ಎಳೆಯುವ ದಿಕ್ಕನ್ನು ಮಾತ್ರ ಬದಲಿಸುತ್ತದೆ ಎಂದು ಬರೆಸಿದ್ದೆ. ಬೋರ್ಡಿನ ಮೇಲೆ ಬರೆದ ರಾಟೆ ಮಾತ್ರ ಎಂದೂ ಸಿಕ್ಕಿಹಾಕಿಕೊಂಡಿರಲಿಲ್ಲ!

ತುಕ್ಕು ಎಂದುಕೊಂಡೆ. ಮಣ್ಣು ತಂದಿದ್ದ ಟ್ರ್ಯಾಕ್ಟರಿನವನಿಂದಲೇ ಅರ್ಧ ಲೋಟ ಡೀಸೆಲ್ ಬೇಡಿ ಅಚ್ಚಿಗೆ ಬಿಟ್ಟು, ಉಜ್ಜಿ, ಮೇಲೆ ಕೀಲೆಣ್ಣೆ ಸವರಿದೆ. ಬರಿಗೈಯಲ್ಲಿ ತಿರುಗಿಸಿದರೆ ಬುಗುರಿಯಂತೆ ತಿರುಗಿತು. ಬಕೆಟ್ ಕಟ್ಟಿ ನೀರು ತುಂಬಿದೆ, ಮತ್ತೆ ಅದೇ ಕತೆ. ಖಾಲಿ ಇದ್ದಾಗ ಸರಿ, ಭಾರ ಬಿದ್ದಾಗ ತಪ್ಪು. ಹಾಗಾದರೆ ತುಕ್ಕೊಂದೇ ಅಲ್ಲ. ಈ ಸಲ ಜಗ್ಗಲಿಲ್ಲ. ತಮ್ಮನ ಕೈಗೆ ಹಗ್ಗ ಕೊಟ್ಟು, ಬಿಗಿಯಾಗಿ ಹಿಡಿಯಲು ಹೇಳಿ, ಸ್ಟೂಲು ಹತ್ತಿ ನೋಡಿದೆ. ಹಗ್ಗ ಗಾಲಿಯ ತಗ್ಗಿನಿಂದ ಹೊರಬಿದ್ದು, ಗಾಲಿಗೂ ಪಕ್ಕದ ಪಟ್ಟಿಗೂ ನಡುವೆ ಕಚ್ಚಿಕೊಂಡಿತ್ತು.

ಅಷ್ಟು ದಪ್ಪ ಹಗ್ಗ ಅಲ್ಲಿ ಹೇಗೆ ತೂರೀತು? ದಪ್ಪವಿದ್ದರೆ ತಾನೇ! ಹಿಂದೆ ಇದ್ದದ್ದು ಹೆಬ್ಬೆರಳ ಗಾತ್ರದ ನಾರಿನ ಹಗ್ಗ. ತಮ್ಮ ತಂದದ್ದು ಕಿರುಬೆರಳಿಗಿಂತ ಸಣ್ಣ ನೈಲಾನು. ಗಾಲಿ ಕಳಚಿದಾಗ ಎರಡನೆಯದೂ ಗೊತ್ತಾಯಿತು: ಅಚ್ಚು ಸವೆದು ತೂತು ಒಂದು ಕಡೆ ಮೊಟ್ಟೆಯಾಕಾರವಾಗಿತ್ತು. ಭಾರ ಬಿದ್ದೊಡನೆ ಗಾಲಿ ವಾಲಿ ಸಂದಿ ಬಾಯಿ ಬಿಡುತ್ತಿತ್ತು. ಹಡಗಿನಲ್ಲಿ ಲಂಗರು ಎತ್ತುವ ಯಂತ್ರಕ್ಕೂ ಹೀಗೇ ಅಂತೆ. ಸರಪಳಿಯ ಅಳತೆಯೂ ಗಾಲಿಯ ಅಳತೆಯೂ ಕೂಡದಿದ್ದರೆ ಜಾರುತ್ತದೆ, ಇಲ್ಲವೆ ಕಚ್ಚುತ್ತದೆ. ಬಯಲುಸೀಮೆಯ ನಾವು ಲಂಗರು ಕಂಡವರಲ್ಲ. ನಮ್ಮ ಪಾಲಿಗೆ ಲಂಗರೆಂದರೆ ಪಾತಾಳಗರಡಿಯೇ.

ವೆಲ್ಡಿಂಗ್ ಅಂಗಡಿಯಲ್ಲಿ ಹೊಸ ಅಚ್ಚು, ಎರಡು ವಾಷರು, ತೂತಿಗೆ ಒಳಕೊಳವೆ ಹಾಕಿಸಿದೆ. ಅಂಗಡಿಯವನು, ‘ಹೊಸದೇ ತಗಳ್ರಿ ಮೇಡಂ’ ಎಂದು ಮೂರು ಸಲ ಹೇಳಿದ. ಹೊಸ ನಾರಿನ ಹಗ್ಗವೂ ಬಂತು. ಆದರೂ ಮೂರನೆಯ ಕೊಡಕ್ಕೆ ಹಗ್ಗ ಅಂಚಿಗೆ ಹತ್ತತೊಡಗಿತು. ನನಗೆ ಅಳು ಬರುವುದೊಂದು ಬಾಕಿ.

ಬಾಗಿಲಲ್ಲಿ ನಿಂತಿದ್ದ ಅವ್ವ ಆಗ ಬಾಯಿ ಬಿಟ್ಟಳು: ‘ಓರೆಗೆ ನಿಂತ್ಕಂಡು ಸೇದಿದ್ರೆ ಹಗ್ಗ ಏನ್ ಮಾಡೀತೇ? ಆ ಕಲ್ಲಿನ ಮೇಲೆ ನಿಂತ್ಕ.’

ಬಚ್ಚಲ ಕಡೆ ಸಿಮೆಂಟು ಹಾಕಿಸಿದ ಮೇಲೆ ನಾವೆಲ್ಲ ಕೆಸರಿಲ್ಲದ ಆ ಮೂಲೆಯಲ್ಲಿ ನಿಲ್ಲುತ್ತಿದ್ದೆವು. ಅವ್ವ ತೋರಿಸಿದ್ದು ಎದುರಿನ ಹಳೆಯ ಚಪ್ಪಡಿ. ನಡುವೆ ಎರಡು ಪಾದದಷ್ಟು ನುಣುಪಾಗಿ ಸವೆದಿದೆ. ಅಲ್ಲಿ ನಿಂತರೆ ರಾಟೆ ನೇರ ಎದುರಿಗೆ ಬರುತ್ತದೆ. ಸೇದಿದೆ. ಗಡಗಡ ಸದ್ದಿನೊಡನೆ ಕೊಡ ಬಂದು ಕಟ್ಟೆಯ ಮೇಲೆ ಕೂತಿತು. ಅವ್ವ ಬೊಗಸೆ ತುಂಬಿ ಕುಡಿದಳು. ಕುದಿಸಿ ಕುಡಿಯಬೇಕೆಂದು ಹೇಳಲು ಬಾಯಿ ತೆರೆದೆ, ಮುಚ್ಚಿದೆ.

ಬಿದ್ದ ಕೊಡ ತೆಗೆಯಲು ಪಕ್ಕದ ಮನೆಯ ಅಜ್ಜಿಯಿಂದ ಪಾತಾಳಗರಡಿ ತಂದೆವು. ಆ ಮನೆಯಲ್ಲಿ ಹಳೆಯ ಪದ್ಧತಿ ಇನ್ನೂ ಉಂಟು. ಗರಡಿ ಬೇಕಾದರೆ ಒಂದು ಪಾತ್ರೆ ಅಡವಿಡಬೇಕು. ನಮ್ಮ ಹಿತ್ತಾಳೆ ಚೊಂಬು ಅಲ್ಲಿ ಕೂತಿತು. ಕೊಕ್ಕೆ ಮೂರು ಸಲ ಬರೀ ಕೆಸರು ತಂದು, ನಾಲ್ಕನೆಯ ಸಲ ಕೊಡದ ಕಂಠ ಹಿಡಿಯಿತು.

ತಮ್ಮ ಏನೂ ಹೇಳದೆ ಮಣ್ಣನ್ನೆಲ್ಲ ತೆಂಗಿನ ಬುಡಗಳಿಗೆ ಹಾಕಿಸಿದ. ಸಂಜೆ ಗರಡಿ ಹಿಂದಿರುಗಿಸಿದಾಗ ಅಜ್ಜಿ ಕೊಕ್ಕೆಗಳನ್ನು ಒಂದೊಂದಾಗಿ ಎಣಿಸಿಕೊಂಡು, ಖಾಲಿ ಕೊಡಬಾರದೆಂದು ನಮ್ಮ ಚೊಂಬಿನ ತುಂಬ ಕಡಲೇಕಾಯಿ ಹಾಕಿಕೊಟ್ಟರು.

‘ನಾಳೆ ಬೇಳೆ ಬೇಯಿಸಾಕೆ ನಮಗೊಂದು ಕೊಡ ನೀರು ಇರ್ಲಿ ಕಣವ್ವಾ’ ಅಂದರು.