ಮಲ್ಲೇಶ್ವರದಲ್ಲಿ ಸೂಜಿವೈದ್ಯ

ಬೆಂಗಳೂರಿನ ಬಸವನಗುಡಿ ಮಲ್ಲೇಶ್ವರಗಳು ಅಂಟುಜಾಡ್ಯದ ಭಯದಿಂದ ಬೆಳೆದ ಬಡಾವಣೆಗಳು. 1898ರಲ್ಲಿ ಪ್ಲೇಗುಮಾರಿಯು ಪೇಟೆಯ ಇಕ್ಕಟ್ಟಾದ ಗಲ್ಲಿಗಳನ್ನು ಹೊಕ್ಕ ಮೇಲೆ, ಗಾಳಿ ಬೆಳಕುಗಳಿಗೆ ಎಡೆಯಿರಲೆಂದು ಇಲ್ಲಿ ಅಗಲವಾದ ಬೀದಿಗಳನ್ನೂ ಮನೆಗಳ ಹಿಂದೆ ಓಣಿಗಳನ್ನೂ ಬಿಟ್ಟರು. ಇಂತಹ ಬೀದಿಯಲ್ಲಿ ನಮ್ಮ ಸೋದರತ್ತೆಯವರು, ಯಾರಿಗೂ ಅಂಟದ ರೋಗವೊಂದಕ್ಕಾಗಿ, ತೋಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಡೆಯುತ್ತಿದ್ದರು.

ಅವರಿಗೆ ಸೋರಿಯಾಸಿಸ್. ಮೈಯ ಕಾವಲೇ ಕೆರಳಿ, ಸುಮಾರು ಒಂದು ತಿಂಗಳಲ್ಲಿ ಹೊಸದಾಗಬೇಕಾದ ಚರ್ಮದ ಪದರವು ವಾರದೊಳಗೇ ಹೊಸದಾಗಿ, ಬೆಳ್ಳಿಯ ಹೊಟ್ಟಿನಂತೆ ಉದುರುವುದು. ಅರಿಶಿನ ಕುಂಕುಮಕ್ಕೆ ಕರೆದರೂ ಅತ್ತೆಯವರು ಹೋಗುತ್ತಿರಲಿಲ್ಲ.

ಸೂಜಿವೈದ್ಯವನ್ನು ನೋಡಿಬರೋಣವೆಂದು ಅವರೊಡನೆ ನಾವು ಮಲ್ಲೇಶ್ವರಕ್ಕೆ ಹೋದೆವು. ದಾರಿಯ ಅಶ್ವತ್ಥಕಟ್ಟೆಯಲ್ಲಿ ನಾಗರಕಲ್ಲುಗಳಿಗೆ ಅರಿಶಿನ ಬಳಿದಿತ್ತು. ಚರ್ಮದ ರೋಗಕ್ಕೆ ಸುಬ್ರಹ್ಮಣ್ಯನಿಗೆ ಹರಕೆ ಹೊರುವುದು ನಮ್ಮ ನಾಡಿನ ಹಳೆಯ ರೂಢಿಯಷ್ಟೆ. ಅತ್ತೆಯವರು ಹಾಲೆರೆದೇ ಮುಂದೆ ಬಂದರು. ಸಂಪಿಗೆ ರಸ್ತೆಯ ಹೂವಿನ ಬುಟ್ಟಿಗಳನ್ನು ದಾಟಿ, ಒಂದು ಮಹಡಿಯನ್ನು ಹತ್ತಿದೆವು.

ಕೂದಲೆಳೆಯಂತಹ ಸೂಜಿಗಳು. ಚೀನದ ವಿದ್ಯೆಯಿದು. 1938ರಲ್ಲಿ ಅಲ್ಲಿಗೆ ಹೋದ ಐವರು ಭಾರತೀಯ ವೈದ್ಯರಲ್ಲಿ ಸೊಲ್ಲಾಪುರದ ಕೋಟ್ನೀಸರು ಅಲ್ಲಿಯೇ ತೀರಿಕೊಂಡರು. ಅವರ ಸಂಗಡಿಗರಾದ ಬಸು ಅವರು 1950ರ ದಶಕದ ಕೊನೆಯಲ್ಲಿ ಈ ವಿದ್ಯೆಯನ್ನು ಕಲಕತ್ತೆಗೆ ತಂದರು. ಸೂಜಿಯವರು ಹತ್ತು ಸಲ ಬಂದರೆ ಗುಣವೆಂದರು. ನಮಗೆ ಆ ಮಾತು ಒಗ್ಗಲಿಲ್ಲ. ಈ ರೋಗಕ್ಕೆ ಸೂಜಿಯಿಂದ ಫಲವುಂಟೆಂದು ಸ್ಥಿರಪಡಿಸುವಷ್ಟು ಪರೀಕ್ಷೆಗಳು ನಡೆದಿಲ್ಲ. ಅಲ್ಲದೆ ಈ ರೋಗವುಳ್ಳ ಕೆಲವರಿಗೆ ಚರ್ಮವು ಗಾಯಗೊಂಡ ಎಡೆಯಲ್ಲಿಯೇ ಹೊಸ ಮಚ್ಚೆ ಏಳುವುದುಂಟು. 19ನೆಯ ಶತಮಾನದಲ್ಲಿ ಜರ್ಮನಿಯ ಕೋಬ್ನರ್ ಎಂಬ ವೈದ್ಯರು ಇದನ್ನು ಗುರುತಿಸಿದರು. ಸೂಜಿ ಚುಚ್ಚಿದಲ್ಲಿಯೂ ಹಾಗಾಗಬಹುದು.

ಅತ್ತೆಯವರು ಮೊದಲು ಮುನಿದುಕೊಂಡರು. "ಊರಿಗೆಲ್ಲ ಗುಣವಾಗುತ್ತಂತೆ, ನನಗೆ ಮಾತ್ರ ನಿನ್ನ ಅಡ್ಡಿಯೇನಪ್ಪ?" ಆದರೂ ಮರುದಿನ ಚಾಮರಾಜಪೇಟೆಯ ಸಮೀಪದ, 1900ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆಗೆ ಬಂದರು. ಹಳೆಯ ಕಲ್ಲಿನ ಕಟ್ಟಡ, ಉದ್ದನೆಯ ಸಾಲು, ಬಿಸಿಲು. ಚರ್ಮವೈದ್ಯರು ಬರಿಗೈಯಿಂದಲೇ ಅವರ ಮೊಣಕೈಯನ್ನು ಹಿಡಿದು ಮಚ್ಚೆಯ ಮೇಲೆ ಬೆರಳಾಡಿಸಿ ನೋಡಿದರು. ರೋಗವು ಬೇರುಸಹಿತ ಹೋಗುವುದೆಂದು ಅವರು ಹೇಳಲಿಲ್ಲ. ಮುಲಾಮಿನಿಂದಲೂ, ಬೇಕಾದರೆ ಬೆಳಕಿನ ಚಿಕಿತ್ಸೆಯಿಂದಲೂ ಮಾತ್ರೆಗಳಿಂದಲೂ ಹತೋಟಿಯಲ್ಲಿಡಬಹುದು ಎಂದರು.

ಅತ್ತೆಯವರು ಔಷಧದ ವಿಚಾರವನ್ನು ಕೇಳಲಿಲ್ಲ. "ಮೊಮ್ಮಗಳನ್ನು ಎತ್ತಿಕೊಂಡರೆ ಅವಳಿಗೆ ಅಂಟುವುದಿಲ್ಲವೇ?" ಎಂದರು.

"ಇಲ್ಲಮ್ಮ. ಯಾರಿಗೂ ಅಂಟುವುದಿಲ್ಲ."

ಎರಡು ವರ್ಷಗಳಿಂದ ಅವರು ಆ ಮಗುವನ್ನು ಎತ್ತಿಕೊಂಡಿರಲಿಲ್ಲವೆಂಬುದು ನಮಗೆ ತಿಳಿದುದು ಆಗಲೇ.